ಊರಿಗೆ ಹೋಗುವ ಹಳೇ ಫೋನು: ರೆಡ್ಮಿ ನೋಟ್ 4ನ್ನು ಯಾವ ಕೆಲಸಕ್ಕೆ ನಂಬಬಹುದು?

ಪುಣೆ, ಮುಂಬೈ, ಚೆನ್ನೈ, ಹೈದರಾಬಾದ್‌ನಲ್ಲಿರೋ ನಮ್ಮಂಥವರ ಮನೆಗಳಲ್ಲಿ ಒಂದು ಪದ್ಧತಿ ಇದೆ. ನಾವು ಹೊಸ ಫೋನ್ ತಗೋತೀವಿ, ಹಳೇದು ಊರಿಗೆ ಹೋಗುತ್ತೆ. ಅಪ್ಪನಿಗೋ, ಅಮ್ಮನಿಗೋ, ಸೋದರತ್ತೆಗೋ. "ಚೆನ್ನಾಗೇ ನಡೀತಿದೆ, ಸುಮ್ನೆ ಯಾಕೆ ಬಿಸಾಕೋದು" ಅಂತ. ಮಾತು ಸರಿಯೇ. ಆದರೆ "ನಡೀತಿದೆ" ಅನ್ನೋದು ಒಂದು ವಿಷಯ, "ಯಾವ ಕೆಲಸಕ್ಕೆ ನಂಬಬಹುದು" ಅನ್ನೋದು ಬೇರೆ ವಿಷಯ. ಇವತ್ತಿನ ಮಾತು ಈ ಎರಡನೇದರ ಬಗ್ಗೆ.

ಉದಾಹರಣೆಗೆ ರೆಡ್ಮಿ ನೋಟ್ 4ನ್ನೇ ತಗೊಳ್ಳೋಣ. 2017ರ ಜನವರಿಯಲ್ಲಿ ಭಾರತಕ್ಕೆ ಬಂತು. 2 ಜಿಬಿ ರ್‍ಯಾಮ್ ಇದ್ದದ್ದು 9,999 ರೂಪಾಯಿ, 3 ಜಿಬಿಯದ್ದು 10,999, 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಜಾಗ ಇದ್ದದ್ದು 12,999. ಆ ವರ್ಷ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಫೋನ್‌ಗಳಲ್ಲಿ ಇದೂ ಒಂದು. ಇವತ್ತಿಗೂ ಎಷ್ಟೋ ಮನೆಯ ಕಪಾಟಿನಲ್ಲಿ, ಎಷ್ಟೋ ಹಿರಿಯರ ಕೈಯಲ್ಲಿ ಇದು ಸಿಗುತ್ತೆ. ನಿಮ್ಮ ಮನೆಯಲ್ಲಿರೋದು ಬೇರೆ ಮಾಡೆಲ್ ಆದ್ರೂ ಲೆಕ್ಕ ಹೆಚ್ಚುಕಡಿಮೆ ಇದೇ.

ಇಷ್ಟು ಬಾಳಿಕೆ ಬಂದದ್ದು ಹೇಗೆ?

ಮೊದಲ ಕಾರಣ ಚಿಪ್. ಇದರಲ್ಲಿರೋದು ಸ್ನಾಪ್‌ಡ್ರಾಗನ್ 625. ಇದಕ್ಕೆ ಹಿಂದಿನ ರೆಡ್ಮಿ ನೋಟ್ 3ರಲ್ಲಿದ್ದ 650 ಚಿಪ್ ವೇಗದಲ್ಲಿ ಮುಂದೆ ಇತ್ತು, ಆದರೆ ಅದು 28 ನ್ಯಾನೋಮೀಟರ್ ತಂತ್ರದ್ದು. 625 ತಯಾರಾದದ್ದು 14 ನ್ಯಾನೋಮೀಟರ್‌ನಲ್ಲಿ, ಎಂಟೂ ಕೋರ್‌ಗಳು ಕಡಿಮೆ ವಿದ್ಯುತ್ ತಿನ್ನೋ ಕಾರ್ಟೆಕ್ಸ್ ಎ53. ಓಟದ ಕುದುರೆ ಅಲ್ಲ, ಗಾಡಿ ಎಳೆಯೋ ಎತ್ತು. ಬಿಸಿ ಆಗೋದು ಕಡಿಮೆ. ಫೋನ್ ಬಿಸಿಯಾದಷ್ಟೂ ಬ್ಯಾಟರಿ ಬೇಗ ಹಾಳಾಗುತ್ತೆ, ಹಾಗಾಗಿ ತಣ್ಣಗಿರೋ ಚಿಪ್ ಇಡೀ ಫೋನಿನ ಆಯುಷ್ಯ ಹೆಚ್ಚಿಸುತ್ತೆ. ಜೊತೆಗೆ 4100 ಎಂಎಎಚ್ ಬ್ಯಾಟರಿ.

ಎರಡನೇ ಕಾರಣ ನೆಟ್‌ವರ್ಕ್. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು, ಮಾತಾಡೋದಕ್ಕೂ 4ಜಿಯೇ ಬೇಕು ಅಂತಾಯಿತು. ನಾಲ್ಕೇ ತಿಂಗಳಲ್ಲಿ ಬಂದ ಈ ಫೋನ್‌ನಲ್ಲಿ ವೋಲ್ಟಿ ಇತ್ತು. ಅದಕ್ಕಿಂತ ಹಿಂದಿನ ಎಷ್ಟೋ ಒಳ್ಳೆ 3ಜಿ ಫೋನ್‌ಗಳು, ಏರ್‌ಟೆಲ್ 2019ರಿಂದ ತನ್ನ 3ಜಿ ಜಾಲ ಮುಚ್ಚುತ್ತಾ ಬಂದ ಹಾಗೆ, ಇಂಟರ್ನೆಟ್ ವಿಷಯದಲ್ಲಿ ಕೈಲಾಗದವಾದವು. ರೆಡ್ಮಿ ನೋಟ್ 4 ಇವತ್ತಿಗೂ 4ಜಿಯಲ್ಲಿ ಕರೆ ಮಾಡುತ್ತೆ, ವಿಡಿಯೋ ತೋರಿಸುತ್ತೆ.

ಸವೆಯೋ ಭಾಗಗಳು ಎರಡು

ಒಂದು, ಬ್ಯಾಟರಿ. ಲಿಥಿಯಂ ಬ್ಯಾಟರಿಯನ್ನ ಖಾಲಿಯಿಂದ ತುಂಬಾ ಚಾರ್ಜ್ ಮಾಡೋದನ್ನ ಒಂದು ಸುತ್ತು ಅನ್ನೋಣ. ಸಾಮಾನ್ಯವಾಗಿ 500 ಸುತ್ತಿನ ಹೊತ್ತಿಗೆ ಮೂಲ ಸಾಮರ್ಥ್ಯದ ಸುಮಾರು 80 ಶೇಕಡಾ ಉಳಿಯುತ್ತೆ. ದಿನಕ್ಕೊಂದು ಸುತ್ತು ಅಂದ್ರೆ ಒಂದೂವರೆ ವರ್ಷ. 2017ರ ಫೋನ್‌ನಲ್ಲಿ ಇನ್ನೂ ಮೂಲ ಬ್ಯಾಟರಿ ಇದ್ರೆ ಅದು ಸುಸ್ತಾಗಿರಲೇಬೇಕು. 30 ಶೇಕಡಾ ತೋರಿಸ್ತಾ ಇದ್ದದ್ದು ಇದ್ದಕ್ಕಿದ್ದಂತೆ ಆಫ್ ಆಗೋದು ಇದಕ್ಕೇ. ಹಿಂದಿನ ಮುಚ್ಚಳ ಉಬ್ಬಿದ ಹಾಗೆ ಕಂಡ್ರೆ ಚಾರ್ಜ್ ಹಾಕೋದನ್ನ ಅವತ್ತೇ ನಿಲ್ಲಿಸಿ, ಅದು ಬೆಂಕಿಯ ಅಪಾಯ. ಬ್ಯಾಟರಿ ಬದಲಿಸೋದು ಸಾಮಾನ್ಯ ರಿಪೇರಿ ಅಂಗಡಿಯ ಕೆಲಸ. ಫೋನನ್ನ ಊರಿಗೆ ಕೊಡೋ ಮೊದಲು ಮಾಡಿಸಬೇಕಾದ ಮೊದಲ ಖರ್ಚು ಇದು.

ಎರಡು, ಸ್ಟೋರೇಜ್. ಇದರಲ್ಲಿರೋದು ಇಎಂಎಂಸಿ ಜಾತಿಯ ಮೆಮೊರಿ. ಮೊದಲೇ ನಿಧಾನ, ಜಾಗ ತುಂಬಿದಷ್ಟೂ ಇನ್ನೂ ನಿಧಾನ. ಯಾಕಂದ್ರೆ ಹೊಸದನ್ನ ಬರೆಯೋಕೆ ಖಾಲಿ ಜಾಗ ಸಿಗದಿದ್ರೆ, ಇದ್ದದ್ದನ್ನ ಬೇರೆ ಕಡೆ ಸರಿಸಿ, ಅಳಿಸಿ, ಆಮೇಲೆ ಬರೀಬೇಕು. "ಫೋನ್ ಮುದಿಯಾಯ್ತು, ಎಳೀತಾ ಇದೆ" ಅನ್ನೋ ದೂರಿನಲ್ಲಿ ಎಷ್ಟೋ ಸಲ ತಪ್ಪು ಫೋನಿನ ವಯಸ್ಸಿನದ್ದಲ್ಲ, ವಾಟ್ಸ್‌ಆ್ಯಪ್‌ನ ಗುಡ್ ಮಾರ್ನಿಂಗ್ ವಿಡಿಯೋಗಳದ್ದು. ಐದರಲ್ಲಿ ಒಂದು ಭಾಗ ಜಾಗ ಖಾಲಿ ಇಟ್ಟು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ತಾನಾಗೇ ಡೌನ್‌ಲೋಡ್ ಆಗೋದನ್ನ ಬಂದ್ ಮಾಡಿ.

ಇವೆರಡು ಸರಿಹೋದ್ರೆ ಕಣ್ಣಿಗೆ ಕಾಣೋ ಫೋನ್ ಸರಿಹೋಯ್ತು. ಕಾಣದ ಭಾಗ ಇನ್ನೊಂದಿದೆ.

ಮುಖ ಹೊಸದು, ಬುನಾದಿ ಹಳೇದು

ಈ ಫೋನ್ ಬಂದಾಗ ಆಂಡ್ರಾಯ್ಡ್ 6 ಇತ್ತು. ಆಮೇಲೆ ಆಂಡ್ರಾಯ್ಡ್ 7 ಬಂತು. ಅಷ್ಟೇ, ಅಲ್ಲಿಗೆ ನಿಂತಿತು. ಕಂಪನಿಯ ಎಂಐಯುಐ ಮಾತ್ರ 8ರಿಂದ 11ರವರೆಗೂ ಬರ್ತಾ ಹೋಯ್ತು. ಹೊಸ ಬಣ್ಣ, ಹೊಸ ಐಕಾನ್. ಬಳಸೋರಿಗೆ "ಅಪ್‌ಡೇಟ್ ಬಂತು" ಅನ್ನೋ ಸಮಾಧಾನ. ಮನೆಗೆ ಮೂರು ಸಲ ಸುಣ್ಣ ಬಳಿದ್ರೂ ಬುನಾದಿ ಅದೇ 7.

ಹಾಗಾದ್ರೆ ಹಾರ್ಡ್‌ವೇರ್‌ಗೆ ತಾಕತ್ತಿರಲಿಲ್ವಾ? ಇತ್ತು. ಅದೇ ಕಂಪನಿ, ಅದೇ 625 ಚಿಪ್ ಹಾಕಿ, 2017ರ ಸೆಪ್ಟೆಂಬರ್‌ನಲ್ಲಿ ಎಂಐ ಎ1 ಬಿಡುಗಡೆ ಮಾಡಿತು. ಅದು ಗೂಗಲ್‌ನ ಆಂಡ್ರಾಯ್ಡ್ ಒನ್ ಯೋಜನೆಯ ಫೋನ್. ಅದಕ್ಕೆ ಆಂಡ್ರಾಯ್ಡ್ 8 ಬಂತು, 9 ಕೂಡ ಬಂತು. ಚಿಪ್ ಒಂದೇ, ಆಯುಷ್ಯ ಬೇರೆ. ಅಂದ್ರೆ ಫೋನಿನ ಸಾಫ್ಟ್‌ವೇರ್ ವಯಸ್ಸನ್ನ ನಿರ್ಧಾರ ಮಾಡಿದ್ದು ಸಿಲಿಕಾನ್ ಅಲ್ಲ, ಮೀಟಿಂಗ್ ರೂಮು.

ಇದರ ಪರಿಣಾಮ ನಿಧಾನವಾಗಿ ಕಾಣುತ್ತೆ. ಕ್ರೋಮ್ ಬ್ರೌಸರ್ ಆಂಡ್ರಾಯ್ಡ್ 7ಕ್ಕೆ 2023ರಲ್ಲಿ, 119ನೇ ಆವೃತ್ತಿಗೆ ನಿಂತಿತು. ಇನ್ನೊಂದು ವಿಚಾರ ನೋಡಿ. ವೆಬ್‌ಸೈಟ್ ಅಸಲಿಯೋ ನಕಲಿಯೋ ಅಂತ ತಿಳಿಯೋಕೆ ಫೋನಿನ ಒಳಗೆ ನಂಬಿಕಸ್ತ ಸಂಸ್ಥೆಗಳ ಒಂದು ಪಟ್ಟಿ ಇರುತ್ತೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಕೋಟ್ಯಂತರ ಸೈಟ್‌ಗಳಿಗೆ ಪುಕ್ಕಟೆ ಸರ್ಟಿಫಿಕೇಟ್ ಕೊಡುತ್ತೆ. ಅದರ ಮೂಲ ಸರ್ಟಿಫಿಕೇಟ್ ಆಂಡ್ರಾಯ್ಡ್‌ನ ಪಟ್ಟಿಗೆ ಸೇರಿದ್ದು 7.1.1ರಲ್ಲಿ. ಈ ಫೋನ್ ನಿಂತದ್ದು 7.0ರಲ್ಲಿ. ಬಾಗಿಲ ಹೊರಗೇ ಉಳೀತು. ಹಳೇ ಫೋನ್‌ಗಳಿಗಾಗಿ ಮಾಡಿಕೊಂಡಿದ್ದ ಹೊಂದಾಣಿಕೆ 2024ಕ್ಕೆ ಮುಗೀತು. ಹಾಗಾಗಿ ಕೆಲವು ಆ್ಯಪ್ ಕಾರಣ ಹೇಳದೆ "ಕನೆಕ್ಷನ್ ಇಲ್ಲ" ಅಂದ್ರೆ, ವೈಫೈ ಬೈಯೋ ಮೊದಲು ಇದನ್ನ ನೆನಪಿಡಿ.

ವಾಟ್ಸ್‌ಆ್ಯಪ್ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. 2023ರ ಅಕ್ಟೋಬರ್‌ನಲ್ಲಿ ಅದು ಕನಿಷ್ಠ ಮಿತಿಯನ್ನ ಆಂಡ್ರಾಯ್ಡ್ 5ಕ್ಕೆ ಏರಿಸಿತು. 7 ಪಾರಾಯ್ತು.

ದುಡ್ಡಿನ ವಿಷಯ

ಈಗ ಮುಖ್ಯ ಮಾತಿಗೆ ಬರೋಣ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ ಅಂತ ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸೋ ಮೋಸ ನಿಮಗೆ ಗೊತ್ತೇ ಇದೆ. ಅದನ್ನ ಒತ್ತಿ ಇನ್‌ಸ್ಟಾಲ್ ಮಾಡಿದ್ರೆ ಅದು ಎಸ್‌ಎಂಎಸ್ ಓದೋ ಅನುಮತಿ ಕೇಳುತ್ತೆ. ಸಿಕ್ಕಿದ್ರೆ ಬ್ಯಾಂಕಿನ ಒಟಿಪಿ ನೇರ ಕಳ್ಳನ ಕೈಗೆ.

ಇಲ್ಲಿ ಆಂಡ್ರಾಯ್ಡ್ 7ರ ಒಂದು ದೌರ್ಬಲ್ಯ ಇದೆ. ಅದರಲ್ಲಿ "ಅನ್‌ನೋನ್ ಸೋರ್ಸಸ್" ಅನ್ನೋದು ಇಡೀ ಫೋನಿಗೆ ಒಂದೇ ಸ್ವಿಚ್ಚು. ಯಾರೋ ಯಾವಾಗಲೋ ಒಂದು ಆ್ಯಪ್‌ಗಾಗಿ ಆನ್ ಮಾಡಿ ಬಿಟ್ಟಿದ್ರೆ, ಎಲ್ಲಿಂದ ಬಂದ ಎಪಿಕೆಗೂ ಬಾಗಿಲು ತೆರೆದೇ ಇರುತ್ತೆ. ಆಂಡ್ರಾಯ್ಡ್ 8ರಿಂದ ಈ ಅನುಮತಿಯನ್ನ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಕೊಡಬೇಕು. ಆ ಮೇಲೆ ಬಂದ ಆವೃತ್ತಿಗಳು ಇಂಥ ಎಷ್ಟೋ ಬಾಗಿಲಿಗೆ ಚಿಲಕ ಹಾಕಿವೆ. ಹಳೇ ಫೋನಿಗೆ ಆ ಚಿಲಕಗಳು ಬಂದೇ ಇಲ್ಲ.

ನಾವು ಮಾಡ್ತಿರೋದು ಏನು ಅಂತ ಒಮ್ಮೆ ಯೋಚನೆ ಮಾಡಿ. ಮನೆಯಲ್ಲಿರೋ ಫೋನ್‌ಗಳಲ್ಲಿ ಅತಿ ಕಡಿಮೆ ರಕ್ಷಣೆ ಇರೋದನ್ನ, ಮೋಸ ಗುರುತಿಸೋಕೆ ಅತಿ ಕಷ್ಟಪಡೋರ ಕೈಗೆ ಕೊಟ್ಟು, ಅದರಲ್ಲಿ ಪಿಂಚಣಿ ಬರೋ ಖಾತೆಯ ಸಿಮ್ ಹಾಕ್ತಾ ಇದ್ದೀವಿ.

"ಫೋನ್‌ಪೇ, ಗೂಗಲ್ ಪೇ ಹಾಕಿಲ್ಲ, ಹಾಗಾಗಿ ಭಯ ಇಲ್ಲ" ಅನ್ನೋರು ಇದ್ದಾರೆ. ಅದು ಅರ್ಧ ಸರಿ. ಒಟಿಪಿ ಬರೋದು ಆ್ಯಪ್‌ಗೆ ಅಲ್ಲ, ಸಿಮ್‌ಗೆ. ಯುಪಿಐ ಶುರುಮಾಡುವಾಗ ಕೂಡ ಆ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಿ ನಂಬರು ಖಾತ್ರಿಯಾಗುತ್ತೆ. ಅಂದ್ರೆ ಬೀಗದ ಕೈ ಇರೋದು ಬ್ಯಾಂಕಿಗೆ ಜೋಡಿಸಿದ ಸಿಮ್‌ನಲ್ಲಿ. ಆ ಸಿಮ್ ಯಾವ ಫೋನಿನಲ್ಲಿದೆ ಅನ್ನೋದೇ ಪ್ರಶ್ನೆ.

ನನ್ನ ಸಲಹೆ ಇದು. ಬ್ಯಾಂಕಿನ ಸಿಮ್ ಒಂದು ಕೀಪ್ಯಾಡ್ ಫೋನಿನಲ್ಲಿರಲಿ. ಅದಕ್ಕೆ ಎಪಿಕೆ ಹತ್ತೋದಿಲ್ಲ. ಕರೆ, ಎಸ್‌ಎಂಎಸ್, ಒಟಿಪಿ ಎಲ್ಲ ಅಲ್ಲಿಗೆ. ದುಡ್ಡು ಕಳಿಸಲೇಬೇಕಾದ್ರೆ ಕೀಪ್ಯಾಡ್ ಫೋನಿಗಾಗಿಯೇ 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಶುರುಮಾಡಿದ ಯುಪಿಐ 123ಪೇ ಇದೆ. ರೆಡ್ಮಿ ನೋಟ್ 4ಕ್ಕೆ ಮನೆಯ ವೈಫೈ ಅಥವಾ ಬ್ಯಾಂಕಿಗೆ ಸಂಬಂಧ ಇಲ್ಲದ ಇನ್ನೊಂದು ಸಿಮ್ ಸಾಕು. ಎರಡು ಫೋನ್ ಹಿಡಿಯೋದು ರಗಳೆ ಅನ್ನಿಸಬಹುದು. ಆದರೆ ಹಿರಿಯರಿಗೆ ಕರೆಗೆ ಬಟನ್ ಇರೋ ಫೋನೇ ಸಲೀಸು, ನೋಡೋಕೆ ಮಾತ್ರ ದೊಡ್ಡ ಪರದೆ ಬೇಕು.

ಕಸ್ಟಮ್ ರಾಮ್ ಹಾಕಿದ್ರೆ?

ಇಂಜಿನಿಯರ್ ಗೆಳೆಯರು ಇದನ್ನ ಖಂಡಿತ ಕೇಳ್ತಾರೆ. ಈ ಫೋನಿಗೆ ಡೆವಲಪರ್‌ಗಳ ಲೋಕದಲ್ಲಿ "ಮಿಡೋ" ಅಂತ ಹೆಸರು. ಲಿನಿಯೇಜ್ ಓಎಸ್‌ನಂಥ ಯೋಜನೆಗಳಲ್ಲಿ ಸ್ವಯಂಸೇವಕರು ಇದಕ್ಕೆ ಕಂಪನಿಗಿಂತ ಎಷ್ಟೋ ಮುಂದಿನ ಆಂಡ್ರಾಯ್ಡ್ ಕೊಟ್ಟಿದ್ದಾರೆ. ಅದು ನಿಜಕ್ಕೂ ಮೆಚ್ಚಬೇಕಾದ ಕೆಲಸ, ಮೇಲೆ ಹೇಳಿದ ಸರ್ಟಿಫಿಕೇಟ್ ತೊಂದರೆ, ಬ್ರೌಸರ್ ತೊಂದರೆ ಎರಡೂ ಹೋಗುತ್ತೆ. ಆದರೆ ಅದಕ್ಕೆ ಬೂಟ್‌ಲೋಡರ್ ಬೀಗ ತೆಗೀಬೇಕು. ಬೀಗ ತೆಗೆದ ಫೋನನ್ನ ಗೂಗಲ್‌ನ ಪರೀಕ್ಷೆ ಗುರುತಿಸುತ್ತೆ, ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಓಡೋದಿಲ್ಲ. ಚಿಪ್‌ನ ಒಳಗಿನ ಫರ್ಮ್‌ವೇರ್ ಹಳೇದೇ ಉಳಿಯುತ್ತೆ. ನಿಮ್ಮ ಕೈಯಲ್ಲಿರೋ ಫೋನಿಗೆ ಹಾಕಿ ಆಡಿ. ಕೆಟ್ಟರೆ ಸರಿಮಾಡೋಕೆ ನೀವು 600 ಕಿಲೋಮೀಟರ್ ದೂರದಲ್ಲಿರ್ತೀರಿ ಅಂದ್ರೆ ಹಾಕಬೇಡಿ.

ಇದಕ್ಕೆ ಒಪ್ಪೋ ಕೆಲಸಗಳು

ಎಷ್ಟೋ ಹೊಸ ದುಬಾರಿ ಫೋನ್‌ಗಳಲ್ಲೂ ಸಿಗದ ಎರಡು ಸೌಲಭ್ಯ ಇದರಲ್ಲಿವೆ. ಒಂದು, ಮೇಲ್ತುದಿಯಲ್ಲಿರೋ ಇನ್‌ಫ್ರಾರೆಡ್. ಟಿವಿ, ಸೆಟ್‌ಟಾಪ್ ಬಾಕ್ಸ್, ಎಸಿ ಎಲ್ಲಕ್ಕೂ ಇದೇ ರಿಮೋಟ್ ಆಗುತ್ತೆ. ಎರಡು, ಹೆಡ್‌ಫೋನ್ ತೂತು ಮತ್ತು ಎಫ್‌ಎಂ ರೇಡಿಯೋ. ಹೆಡ್‌ಫೋನ್ ವೈರೇ ಆಂಟೆನಾ, ಡೇಟಾ ಬೇಡ. ಊರಿಂದಾಚೆ ಇರೋ ನಮಗೆ ಎಫ್‌ಎಂನಲ್ಲಿ ಕನ್ನಡ ಸಿಗಲ್ಲ ನಿಜ, ವೈಫೈ ಇದ್ರೆ ಆಕಾಶವಾಣಿಯ ಆ್ಯಪ್‌ನಲ್ಲಿ ಧಾರವಾಡ, ಬೆಂಗಳೂರು ಕೇಳಬಹುದು. ಅಡುಗೆಮನೆಗೆ ಒಂದು ರೇಡಿಯೋ ಆಯ್ತು. ಉಳಿದಂತೆ ವಿಡಿಯೋ ಕಾಲ್, ಭಜನೆ, ಯಕ್ಷಗಾನ, ಕನ್ನಡ ಪಿಡಿಎಫ್ ಓದೋದು, ಮಕ್ಕಳ ಪಾಠದ ವಿಡಿಯೋ, ಎಲ್ಲಕ್ಕೂ ಆ ಐದೂವರೆ ಇಂಚಿನ ಫುಲ್ ಎಚ್‌ಡಿ ಪರದೆ ಸಾಕು. ಮನೆ ಕಾವಲಿಗೆ ಕ್ಯಾಮರಾ ಮಾಡ್ತೀನಿ ಅಂದ್ರೆ ಇಡೀ ದಿನ ಚಾರ್ಜರ್‌ಗೆ ಹಾಕಿ ಬಿಡಬೇಡಿ, ಟೈಮರ್ ಪ್ಲಗ್ ಬಳಸಿ.

ಊರಿಗೆ ಕೊಡೋ ಮೊದಲು

ಬ್ಯಾಟರಿ ಬದಲಿಸಿ. ನಿಮ್ಮ ಗೂಗಲ್ ಖಾತೆಯನ್ನ ಮೊದಲು ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದ್ರೆ ಅಲ್ಲಿ ಹೋಗಿ ಹಳೇ ಪಾಸ್‌ವರ್ಡ್ ಕೇಳಬಹುದು. "ಅನ್‌ನೋನ್ ಸೋರ್ಸಸ್" ಆಫ್ ಇದೆಯಾ ನೋಡಿ. ಬ್ಯಾಂಕಿನ ಸಿಮ್ ಬೇರೆ ಮಾಡಿ. ಮೋಸ ಆದ್ರೆ ತಕ್ಷಣ ಕರೆ ಮಾಡೋಕೆ ಸೈಬರ್ ಸಹಾಯವಾಣಿ 1930ನ್ನ ಎರಡೂ ಫೋನಿನಲ್ಲಿ ಸೇವ್ ಮಾಡಿಡಿ.

ಹೊಸ ಫೋನ್ ತಗೊಳ್ಳೋವಾಗಲೂ ಕ್ಯಾಮರಾಗಿಂತ ಮೊದಲು ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷದ ಮಾತು ಕೊಟ್ಟಿವೆ. ಕಡಿಮೆ ಬೆಲೆಯ ಫೋನ್‌ಗಳಿಗೂ ಆ ಪ್ರಶ್ನೆ ಕೇಳೋರು ಹೆಚ್ಚಾದ್ರೆ ಉತ್ತರವೂ ಬದಲಾಗುತ್ತೆ. ಯಾಕಂದ್ರೆ ನೀವು ಇವತ್ತು ಕೊಳ್ಳೋ ಫೋನು ನಾಲ್ಕು ವರ್ಷ ಬಿಟ್ಟು ಊರಿನ ಬಸ್ಸು ಹತ್ತುತ್ತೆ. ಆಗ ಅದರ ಜೊತೆ ಬ್ಯಾಂಕಿನ ಸಿಮ್ಮನ್ನೂ ಕಳಿಸಬಹುದಾ ಅನ್ನೋದು ಇವತ್ತೇ ಅಂಗಡಿಯಲ್ಲಿ ತೀರ್ಮಾನ ಆಗುತ್ತೆ.