ಲೆಕ್ಕದ ಜರಡಿ

ನಮ್ಮ ಸಂಘದ ಮನೆಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಹುಡುಗ ಹುಡುಗಿಯರಿಗೆ ಈಗೇನೂ ಕೊರತೆಯಿಲ್ಲ. ರಜೆಗೆ ಊರಿಗೆ ಹೋದಾಗ ಅಜ್ಜಿ ಅಕ್ಕರೆಯಿಂದ, "ಕಚೇರಿಯಲ್ಲಿ ಏನು ಕೆಲಸ ಮಾಡ್ತೀಯೋ ಮಗು?" ಎಂದು ಕೇಳಿದರೆ, "ಫಿಲ್ಟರ್ ಮಾಡ್ತೀನಜ್ಜಿ" ಎಂಬ ಉತ್ತರ ಬರುವುದುಂಟು. ಅಜ್ಜಿಗೆ ಗೊತ್ತಿರುವುದು ಹಿತ್ತಾಳೆಯ ಕಾಫಿ ಫಿಲ್ಟರ್ ಒಂದೇ. ಇಷ್ಟೆಲ್ಲ ಓದಿ ಕಾಫಿ ಸೋಸುವುದೇ ಎಂದು ಆಕೆ ಬೆರಗಾದರೆ ನಾವು ನಗುತ್ತೇವೆ. ಆದರೆ ವಿಚಾರ ಮಾಡಿ ನೋಡಿದರೆ ಅಜ್ಜಿಯ ಊಹೆ ಬಹಳ ದೂರದ್ದೇನಲ್ಲ. ಗಸಿಯನ್ನು ತಡೆದು ಡಿಕಾಕ್ಷನ್ನನ್ನು ಇಳಿಯಗೊಡುವುದು ಒಂದು ಫಿಲ್ಟರಿನ ಧರ್ಮವಾದರೆ, ಬೇಡದ ಸದ್ದನ್ನು ತಡೆದು ಬೇಕಾದುದನ್ನು ಹಾಯಗೊಡುವುದು ಇನ್ನೊಂದರ ಧರ್ಮ. ವ್ಯತ್ಯಾಸವಿಷ್ಟೆ: ಎರಡನೆಯದಕ್ಕೆ ತೂತಿನ ತಟ್ಟೆಯಿಲ್ಲ, ಇರುವುದು ಗುಣಾಕಾರ ಮತ್ತು ಸಂಕಲನ ಮಾತ್ರ. ಈ ಲೆಕ್ಕದ ಜರಡಿಯನ್ನು ಸಿಲಿಕಾನಿನ ಒಂದು ಚೂರಿನ ಮೇಲೆ ಕಟ್ಟುವುದು ಹೇಗೆ, ಕಟ್ಟುವಾಗ ಎಚ್ಚರವಿರಬೇಕಾದುದು ಎಲ್ಲಿ ಎಂಬುದನ್ನು ಓದುಗರ ಮುಂದಿಡುವುದೇ ನಮ್ಮ ಉದ್ದೇಶ.

ಟೊಮೆಟೊ ಧಾರಣೆಯ ಪಾಠ

ಮೈಕ್ರೊಫೋನಿನಲ್ಲಿ ಹುಟ್ಟಿದ ವಿದ್ಯುತ್ತಿನ ಏರಿಳಿತವನ್ನು ಸಮಾನ ಅಂತರದಲ್ಲಿ ಮತ್ತೆ ಮತ್ತೆ ಅಳೆದು, ಪ್ರತಿಯೊಂದು ಅಳತೆಯನ್ನೂ ಸಂಖ್ಯೆಯಾಗಿ ಬರೆದಿಟ್ಟರೆ ಧ್ವನಿ 'ಡಿಜಿಟಲ್' ಆಯಿತೆಂದು ಅರ್ಥ. ಟೆಲಿಫೋನಿನ ಮಾತಿಗೆ ಸೆಕೆಂಡಿಗೆ 8,000 ಅಳತೆಗಳು ಸಾಕೆಂದು ಮೊದಲು ಗೊತ್ತುಮಾಡಿದರು. ಸಂಗೀತದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಅವು 44,100. ಆಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಸಂಖ್ಯೆಗಳ ಉದ್ದನೆಯ ಸಾಲು, ಅಷ್ಟೆ. ಆ ಸಾಲನ್ನು ಸೋಸುವುದೆಂದರೇನು?

ಒಬ್ಬ ಗೃಹಿಣಿ ಐದು ದಿನಗಳ ಟೊಮೆಟೊ ಧಾರಣೆಯನ್ನು ಬರೆದಿಟ್ಟಿದ್ದಾಳೆಂದು ಭಾವಿಸೋಣ: ಕಿಲೋ ಒಂದಕ್ಕೆ 30, 32, 60, 31, 33 ರೂಪಾಯಿ. ಮೂರನೆಯ ದಿನ ಲಾರಿಗಳು ಬರಲಿಲ್ಲವಾಗಿ ಬೆಲೆ ಎದ್ದು ಕುಣಿಯಿತು. ಆಕೆಗೆ ಬೇಕಾಗಿರುವುದು ಆ ಒಂದು ದಿನದ ಕುಣಿತವಲ್ಲ, ಬೆಲೆಯ ಒಟ್ಟು ನಡಿಗೆ. ಆಗ ಐದು ಬೆಲೆಗಳನ್ನೂ ಕ್ರಮವಾಗಿ 1, 2, 3, 2, 1 ಎಂಬ ತೂಕಗಳಿಂದ ಗುಣಿಸಿ, ಕೂಡಿಸಿ, ತೂಕಗಳ ಮೊತ್ತವಾದ 9ರಿಂದ ಭಾಗಿಸಲಿ. ಮೊತ್ತ 369, ಭಾಗಿಸಿದರೆ 41. ಅರವತ್ತರ ಶಿಖರ ನಲವತ್ತೊಂದರ ದಿಬ್ಬವಾಯಿತು. ಮರುದಿನ ಹಳೆಯ ಬೆಲೆಯೊಂದನ್ನು ಕೈಬಿಟ್ಟು ಹೊಸದೊಂದನ್ನು ಸೇರಿಸಿ ಮತ್ತೆ ಇದೇ ಲೆಕ್ಕ. ಹೀಗೆ ದಿನವೂ ಸಾಗಿದರೆ ನಿಧಾನವಾದ ಬದಲಾವಣೆ ಉಳಿಯುತ್ತದೆ, ಅವಸರದ ಕುಣಿತ ತಗ್ಗುತ್ತದೆ.

ತೂಕಗಳನ್ನು ಬದಲಾಯಿಸಿದರೆ ಜರಡಿಯ ಸ್ವಭಾವವೇ ಬದಲಾಗುತ್ತದೆ. ಅಕ್ಕಪಕ್ಕದ ಮೂರು ಬೆಲೆಗಳಿಗೆ ಋಣ 1, ಧನ 2, ಋಣ 1 ಎಂಬ ತೂಕ ಕೊಟ್ಟು ನೋಡಿ. ಮೂರು ದಿನವೂ 30 ರೂಪಾಯಿಯೇ ಇದ್ದರೆ ಉತ್ತರ ಸೊನ್ನೆ. 32, 60, 31 ಎಂದಿದ್ದರೆ 57. ಈಗ ಸ್ಥಿರವಾದುದು ಅಳಿಸಿಹೋಗಿ ಜಿಗಿತವೇ ಎದ್ದು ಕಂಡಿತು. ಡಿಜಿಟಲ್ ಫಿಲ್ಟರಿನ ಗುಟ್ಟೆಲ್ಲ ಇಷ್ಟೆ: ಅಳತೆಗಳ ಸಾಲು, ತೂಕಗಳ ಪಟ್ಟಿ, ಗುಣಿಸು, ಕೂಡಿಸು, ಒಂದು ಹೆಜ್ಜೆ ಮುಂದೆ ಸರಿ. ಒಂದೊಂದು ತೂಕದ ಸ್ಥಾನವನ್ನೂ ಇಂಜಿನಿಯರುಗಳು 'ಟ್ಯಾಪ್' ಎಂದು ಕರೆಯುತ್ತಾರೆ. ನಿಜವಾದ ಕೆಲಸದಲ್ಲಿ ಐದು ಟ್ಯಾಪ್‌ಗಳು ಸಾಲವು. ಅರವತ್ತು, ನೂರು, ಕೆಲವೊಮ್ಮೆ ಸಾವಿರವೂ ಬೇಕಾದೀತು. ಎಷ್ಟು ಟ್ಯಾಪ್‌ಗಳಿಗೆ ಯಾವ ತೂಕವಿಟ್ಟರೆ ಸೋಸುವಿಕೆ ಅತ್ಯುತ್ತಮವಾದೀತೆಂದು ಕಂಡುಹಿಡಿಯುವ ಒಂದು ಕ್ರಮವನ್ನು ಅಮೆರಿಕದ ಥಾಮಸ್ ಪಾರ್ಕ್ಸ್ ಮತ್ತು ಜೇಮ್ಸ್ ಮೆಕ್ಲೆಲ್ಲನ್ 1972ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಚೊಕ್ಕಟವಾದ ಗೆರೆ ನಿಜವಾದ ಗೆರೆಯೇ?

ಇದು ಬರೀ ಲೆಕ್ಕದ ಆಟವೆಂದು ಯಾರೂ ತಿಳಿಯಬಾರದು. ವೈದ್ಯರಲ್ಲಿ ಎದೆಯ ಇಸಿಜಿ ತೆಗೆಸಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಮೈಮೇಲಿನ ಆ ತಂತಿಗಳು ಹೃದಯದ ನವುರಾದ ವಿದ್ಯುತ್ತಿನ ಜೊತೆಗೆ, ಗೋಡೆಯೊಳಗೆ ಹರಿಯುವ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹೀರಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಆವರ್ತ. ಹೃದಯದ ಗೆರೆಯಲ್ಲಿ ವೈದ್ಯರಿಗೆ ಬೇಕಾದ ಸೂಕ್ಷ್ಮಗಳೋ ಸುಮಾರು 150 ಆವರ್ತಗಳವರೆಗೆ ಹಬ್ಬಿಕೊಂಡಿವೆ. ಎಂದರೆ ಕಲ್ಲು ಅಕ್ಕಿಯ ನಡುವೆಯೇ ಇದೆ, ಗಾತ್ರವೂ ಅಕ್ಕಿಯದೇ! 40 ಆವರ್ತಕ್ಕಿಂತ ಮೇಲಿನದನ್ನೆಲ್ಲ ಕಡಿದುಹಾಕಿದರೆ ಗೆರೆ ಚೊಕ್ಕಟವಾಗುವುದೇನೋ ಸರಿ, ಆದರೆ ಹೃದಯದ ಚೂಪಾದ ಶಿಖರಗಳೂ ಮೊಂಡಾಗುತ್ತವೆ.

ಕೆಳಗಿನ ಅಂಚಿನಲ್ಲಿಯೂ ಇಂಥದೇ ಇಕ್ಕಟ್ಟು. ಉಸಿರಾಟದಿಂದ ಗೆರೆ ಮೇಲೆ ಕೆಳಗೆ ತೇಲುತ್ತದೆಂದು, ನಿಧಾನವಾದ ಅಲೆಗಳನ್ನು ವಿವೇಚನೆಯಿಲ್ಲದೆ ತೆಗೆದುಹಾಕಿದರೆ, ಹೃದಯಕ್ಕೆ ರಕ್ತ ಸರಿಯಾಗಿ ಸಿಗುತ್ತಿದೆಯೇ ಎಂದು ವೈದ್ಯರು ನೋಡುವ ಎಸ್‌ಟಿ ಭಾಗವೇ ಸುಳ್ಳಾಗಿ ಏರಬಹುದು, ಇಳಿಯಬಹುದು. ಆದ್ದರಿಂದಲೇ ರೋಗನಿರ್ಣಯದ ಇಸಿಜಿಯಲ್ಲಿ ಈ ಕೆಳಗಿನ ಎಲ್ಲೆಯನ್ನು 0.05 ಆವರ್ತದಷ್ಟು ಕೆಳಗಿಡುವ ಪದ್ಧತಿ ಬಂದಿದೆ. ತೂಕಗಳ ಪಟ್ಟಿಯನ್ನು 1, 2, 3, 2, 1ರ ಹಾಗೆ ಎರಡು ಕಡೆಯಿಂದಲೂ ಒಂದೇ ಸಮನಾಗಿ ಇಡುವುದರಲ್ಲಿ ಇನ್ನೊಂದು ಲಾಭವುಂಟು: ಆಗ ಎಲ್ಲ ಆವರ್ತಗಳೂ ಒಂದೇ ಅವಧಿಯಷ್ಟು ತಡವಾಗುತ್ತವೆ, ಅಲೆಗಳು ಒಂದರ ಮುಂದೊಂದು ಸರಿದು ಆಕಾರ ಕೆಡುವುದಿಲ್ಲ.

ಪಂಕ್ತಿಯಲ್ಲಿ ಬಡಿಸುವ ಕ್ರಮ

ಇಸಿಜಿಗೆ ಸೆಕೆಂಡಿಗೆ 500ರಷ್ಟು ಅಳತೆಗಳಿದ್ದರೂ ನಡೆಯುತ್ತದೆ. ಆ ಲೆಕ್ಕವನ್ನು ಒಂದು ಸಣ್ಣ ಪ್ರೊಸೆಸರ್ ನಿರಾಯಾಸವಾಗಿ ಮಾಡಿ ಮುಗಿಸುತ್ತದೆ. ಆದರೆ ಅಲ್ಟ್ರಾಸೌಂಡ್ ಯಂತ್ರ, ಮೊಬೈಲ್ ಗೋಪುರ, ರೇಡಿಯೋ ದೂರದರ್ಶಕಗಳಲ್ಲಿ ಅಳತೆಗಳು ಕೋಟಿಗಟ್ಟಲೆ ಬಂದು ಬೀಳುತ್ತವೆ. ಸೆಕೆಂಡಿಗೆ 10 ಕೋಟಿ ಅಳತೆ, 64 ಟ್ಯಾಪ್ ಎಂದಿಟ್ಟುಕೊಳ್ಳಿ. ಒಂದು ಸೆಕೆಂಡಿನಲ್ಲಿ 640 ಕೋಟಿ ಗುಣಾಕಾರಗಳಾಗಬೇಕು! ಒಂದಾದ ಮೇಲೊಂದರಂತೆ ಲೆಕ್ಕ ಮಾಡುವ ಒಬ್ಬನೇ ಗುಮಾಸ್ತನಿಂದ ಇದು ಆಗುವ ಮಾತಲ್ಲ.

ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ. ನೂರು ಎಲೆಗಳಿಗೆ ಒಬ್ಬನೇ ಉಪ್ಪಿನಿಂದ ತೊಡಗಿ ಪಾಯಸದವರೆಗೆ ಎಲ್ಲವನ್ನೂ ಬಡಿಸಹೊರಟರೆ ಕೊನೆಯ ಎಲೆಯವರ ಗತಿಯೇನು? ಅದಕ್ಕೇ ಕೋಸಂಬರಿಯವನ ಹಿಂದೆ ಪಲ್ಯದವನು, ಅವನ ಹಿಂದೆ ಚಿತ್ರಾನ್ನದವನು ಬರುವುದು. ಒಬ್ಬೊಬ್ಬನ ಕೈಯಲ್ಲಿ ಒಂದೊಂದೇ ಪದಾರ್ಥ. ಯಾವ ಗಳಿಗೆಯಲ್ಲಿ ನೋಡಿದರೂ ಎಲ್ಲರೂ ದುಡಿಯುತ್ತಿದ್ದಾರೆ, ಬೇರೆ ಬೇರೆ ಎಲೆಗಳ ಮುಂದೆ. ಮೊದಲ ಎಲೆ ತುಂಬುವುದಕ್ಕೆ ತುಸು ಹೊತ್ತು ಹಿಡಿದರೂ, ಆಮೇಲೆ ಹೆಜ್ಜೆಗೊಂದು ಎಲೆ ತುಂಬುತ್ತ ಹೋಗುತ್ತದೆ. ಫಿಲ್ಟರಿನಲ್ಲಿಯೂ ಹೀಗೆಯೇ. ಒಂದೊಂದು ಗುಣಕದ ಕೈಯಲ್ಲಿ ಒಂದೊಂದು ತೂಕ. ಗಡಿಯಾರದ ಬಡಿತಕ್ಕೊಮ್ಮೆ ಪ್ರತಿಯೊಂದೂ ತನ್ನ ಪಾಲನ್ನು ಮೊತ್ತಕ್ಕೆ ಸೇರಿಸಿ ಮುಂದಿನವನಿಗೆ ದಾಟಿಸುತ್ತದೆ.

ಈ ಪಂಕ್ತಿಯನ್ನು ನಮಗೆ ಬೇಕಾದಂತೆ ಜೋಡಿಸಿಕೊಳ್ಳಲು ಅವಕಾಶವಿರುವುದು ಎಫ್‌ಪಿಜಿಎ ಎಂಬ ಚಿಪ್‌ನಲ್ಲಿ. ಕಾರ್ಖಾನೆಯಿಂದ ಬರುವಾಗ ಅದು ಏನೂ ಬರೆಯದ ಸ್ಲೇಟು. ಯಾವ ಅಂಗ ಯಾವುದಕ್ಕೆ ಸೇರಬೇಕೆಂಬ ಆಜ್ಞೆಯನ್ನು ನಾವು ಬರೆದು ತುಂಬಿದರೆ ಅದು ಆ ಯಂತ್ರವೇ ಆಗುತ್ತದೆ; ಅಳಿಸಿ ಬರೆದರೆ ಇನ್ನೊಂದು ಯಂತ್ರ. ಕ್ಸೈಲಿಂಕ್ಸ್ ಕಂಪನಿ 1985ರಲ್ಲಿ ಹೊರತಂದ ಮೊದಲ ಎಫ್‌ಪಿಜಿಎಯಲ್ಲಿ ಇದ್ದುದು 64 ತರ್ಕದ ಕೋಶಗಳು. ಅಂಥ ಕೋಶಗಳಿಂದ ಗುಣಾಕಾರ ಮಾಡಿಸುವುದೆಂದರೆ, ಶಾಲೆಯಲ್ಲಿ ಕಲಿತಂತೆ ಒಂದೊಂದು ಅಂಕಿಯ ಸಾಲನ್ನೂ ಜರುಗಿಸಿ ಬರೆದು ಕೂಡಿಸುವುದು. ದೊಡ್ಡ ಸಂಖ್ಯೆಯಾದರೆ ಒಂದೇ ಗುಣಾಕಾರಕ್ಕೆ ನೂರಾರು ಕೋಶಗಳು ಖರ್ಚಾಗುತ್ತವೆ. ಇದನ್ನು ಮನಗಂಡು 2001ರ ವರ್ಟೆಕ್ಸ್-2 ಚಿಪ್‌ಗಳಲ್ಲಿ 18 ಬಿಟ್‌ಗಳ ಎರಡು ಸಂಖ್ಯೆಗಳನ್ನು ಗುಣಿಸುವ ಸಿದ್ಧ ಗುಣಕಗಳನ್ನೇ ಕೂರಿಸಿದರು. 2004ರ ವರ್ಟೆಕ್ಸ್-4ರಲ್ಲಿ ಗುಣಕದ ಬಗಲಿಗೇ 48 ಬಿಟ್‌ಗಳ ಕೂಡಿಸುವ ಅಂಗವೂ ಬಂದಿತು.

ಈ 48 ಸುಮ್ಮನೆ ಬಂದ ಸಂಖ್ಯೆಯಲ್ಲ. 18 ಬಿಟ್‌ಗಳ ಎರಡು ಸಂಖ್ಯೆಗಳ ಗುಣಲಬ್ಧಕ್ಕೆ 36 ಬಿಟ್ ಸಾಕು. ಉಳಿದ 12 ಬಿಟ್‌ಗಳು ಮನೆಯ ಕಣಜದಲ್ಲಿ ಮೇಲೆ ಬಿಟ್ಟ ಜಾಗದಂತೆ. 4,096 ಗುಣಲಬ್ಧಗಳನ್ನು ಕೂಡಿಸಿದರೂ ತುಂಬಿ ಚೆಲ್ಲುವುದಿಲ್ಲ. ಚೆಲ್ಲಿದರೆ ಆಗುವ ಅನಾಹುತ ಚಿಕ್ಕದಲ್ಲ. 18 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಧನಸಂಖ್ಯೆ 1,31,071. ಅದಕ್ಕೆ ಒಂದನ್ನು ಸೇರಿಸಿದರೆ ಯಂತ್ರ ಋಣ 1,31,072 ಎಂದು ಓದುತ್ತದೆ. ಶಿಖರವೇ ಪಾತಾಳವಾದಂತೆ! ಕೊನೆಯ ಬಿಟ್‌ಗಳನ್ನು ಕತ್ತರಿಸುವಾಗಲೂ ಎಚ್ಚರ ಬೇಕು. ಪ್ರತಿ ಬಿಲ್ಲಿನಲ್ಲಿಯೂ ಚಿಲ್ಲರೆಯನ್ನು ತನ್ನ ಕಡೆಗೇ ಬಿಟ್ಟುಕೊಳ್ಳುವ ಅಂಗಡಿಯವನ ಹಾಗೆ, ಯಾವಾಗಲೂ ಕೆಳಗಿನ ಸಂಖ್ಯೆಗೇ ಇಳಿಸುತ್ತ ಹೋದರೆ ಸಣ್ಣ ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ವಾಲಿ ಉತ್ತರವನ್ನು ಓರೆ ಮಾಡುತ್ತವೆ.

ಸಂಸಾರಸ್ಥನ ಮಿತವ್ಯಯ

ಸಿದ್ಧ ಗುಣಕಗಳು ಬಂದವೆಂದು ಮನಬಂದಂತೆ ಖರ್ಚು ಮಾಡುವ ಹಾಗಿಲ್ಲ. ವಿದ್ಯಾರ್ಥಿಗಳು ಅಭ್ಯಾಸಕ್ಕೆ ಬಳಸುವ ಹಲಗೆಗಳಲ್ಲಿ ಸಾಮಾನ್ಯವಾಗಿರುವ ಆರ್ಟಿಕ್ಸ್-7 ವರ್ಗದ 35ಟಿ ಚಿಪ್‌ನಲ್ಲಿ ಅಂಥವು 90 ಮಾತ್ರ. ನಮ್ಮ 64 ಟ್ಯಾಪ್‌ಗಳ ಫಿಲ್ಟರ್ ಒಂದಕ್ಕೇ 64 ಹೋದರೆ ಉಳಿದ ಕೆಲಸಕ್ಕೆ ಏನು ಗತಿ? ಇಲ್ಲಿ ನೆರವಿಗೆ ಬರುವುದು ಮಹಾನಗರದ ಒಂದು ಕೋಣೆಯಲ್ಲಿ ಸಂಸಾರ ಹೂಡಿದವರ ಜಾಣತನ.

ಟೊಮೆಟೊ ಲೆಕ್ಕಕ್ಕೇ ಮರಳೋಣ. ಮೊದಲ ಮತ್ತು ಕೊನೆಯ ತೂಕ ಒಂದೇ ಆದ್ದರಿಂದ 30ನ್ನೂ 33ನ್ನೂ ಮೊದಲೇ ಕೂಡಿಸಿ 63 ಮಾಡಿಕೊಳ್ಳಬಹುದು; 32 ಮತ್ತು 31 ಕೂಡಿ 63, ಅದನ್ನು 2ರಿಂದ ಗುಣಿಸಿದರೆ 126; ನಡುವಿನ 60ಕ್ಕೆ 180. ಮೊತ್ತ ಮತ್ತೆ 369. ಐದು ಗುಣಾಕಾರಗಳ ಕೆಲಸ ಮೂರರಲ್ಲಿ ಮುಗಿಯಿತು. ಇದೇ ಉಪಾಯದಿಂದ 64 ಗುಣಕಗಳು 32 ಆಗುತ್ತವೆ. ಗುಣಿಸುವ ಮೊದಲೇ ಹೀಗೆ ಕೂಡಿಸುವ ಅಂಗವನ್ನು ಈಚಿನ ಚಿಪ್‌ಗಳಲ್ಲಿ ಗುಣಕದ ಮಗ್ಗುಲಿಗೇ ಇಟ್ಟಿದ್ದಾರೆ. ಇನ್ನು ಅಳತೆಗಳು ಬರುವುದು ಸೆಕೆಂಡಿಗೆ 10 ಕೋಟಿಯಾಗಿ, ಗುಣಕದ ಗಡಿಯಾರ 40 ಕೋಟಿ ಸಲ ಬಡಿಯುವಂತಿದ್ದರೆ, ಒಂದು ಅಳತೆ ಬಂದು ಇನ್ನೊಂದು ಬರುವುದರೊಳಗೆ ಒಂದೇ ಗುಣಕ ನಾಲ್ಕು ತೂಕಗಳ ಕೆಲಸ ಮಾಡಬಲ್ಲುದು. ಆಗ ಬೇಕಾದುವು ಎಂಟೇ! 2, 4, 8ರಂಥ ತೂಕಗಳಿಗೆ ಗುಣಕವೇ ಬೇಡ. ದ್ವಿಮಾನ ಅಂಕಿಗಳನ್ನು ಎಡಕ್ಕೆ ಸರಿಸಿದರಾಯಿತು. ಏಳರಿಂದ ಗುಣಿಸಬೇಕೇ? ಎಂಟರಷ್ಟರಿಂದ ಒಂದರಷ್ಟು ಕಳೆದರೆ ಮುಗಿಯಿತು.

ಮರಳುಗಾಡಿನ ಆಕಾಶ, ಬೆಂಗಳೂರಿನ ಕೈಕೆಲಸ

ಇಷ್ಟೆಲ್ಲ ಸೇರಿ ಏನು ಸಾಧಿಸಿದರೆಂಬುದಕ್ಕೆ ಒಂದು ನಿದರ್ಶನ. ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಎಂಬ ನಿರ್ಜನ ಬಯಲಿನಲ್ಲಿ 2013ರಲ್ಲಿ ಕೆಲಸ ಆರಂಭಿಸಿದ ಒಂದು ರೇಡಿಯೋ ದೂರದರ್ಶಕವಿದೆ. ಅದಕ್ಕೆ ದೊಡ್ಡ ಬೋಗುಣಿಗಳಿಲ್ಲ. ಜೇಡಗಳಂತೆ ನೆಲದ ಮೇಲೆ ಕೂತ ಆಂಟೆನಾಗಳು, ಹದಿನಾರು ಸೇರಿ ಒಂದು ಗುಂಪು, ಆರಂಭದಲ್ಲಿ ಇಂಥ 128 ಗುಂಪುಗಳು. ವಿಶ್ವದ ಎಳವೆಯಲ್ಲಿ ಜಲಜನಕ ಹೊರಸೂಸಿದ ಕ್ಷೀಣವಾದ ಅಲೆಗಳನ್ನು ಅರಸುವುದು ಅದರ ಮುಖ್ಯ ಗುರಿಗಳಲ್ಲೊಂದು. ಆ ಅಲೆಗಳು ನಡುವಿನ ಆಕಾಶದ ಗದ್ದಲಕ್ಕಿಂತ ಸಾವಿರಾರು ಪಾಲು ದುರ್ಬಲ. ಸಾಲದ್ದಕ್ಕೆ, ದೂರದೂರುಗಳ ಎಫ್‌ಎಂ ಬಾನುಲಿಯ ಪ್ರಸಾರವೂ ವಿಮಾನಗಳಿಗೆ ತಾಗಿ ಪ್ರತಿಫಲಿಸಿ ಬಂದು ಬೀಳುತ್ತದೆ.

ಎಂಟೆಂಟು ಗುಂಪುಗಳಿಗೊಂದರಂತೆ ಅಲ್ಲಿ ನಿಲ್ಲಿಸಿದ 16 ಡಿಜಿಟಲ್ ಗ್ರಾಹಕಗಳ ನಿರ್ಮಾಣದಲ್ಲಿ, ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯವರ ಕೈಯಿತ್ತು. ಒಳಬಂದ ಅಲೆಗಳನ್ನು ಸೆಕೆಂಡಿಗೆ 65.536 ಕೋಟಿ ಸಲ ಅಳೆದು, ಎಫ್‌ಪಿಜಿಎಗಳೊಳಗೆ ಗುಣಿಸಿ ಕೂಡಿಸಿ, 12.8 ಲಕ್ಷ ಆವರ್ತಗಳಷ್ಟು ಅಗಲದ 256 ಪಟ್ಟಿಗಳಾಗಿ ಸೀಳಿ, ಅವುಗಳಲ್ಲಿ ಬೇಕಾದ 24ನ್ನು ಮಾತ್ರ ಮುಂದಕ್ಕೆ ಕಳಿಸುವುದು ಆ ಗ್ರಾಹಕಗಳ ಕೆಲಸ. ಇಲ್ಲಿ ಜರಡಿಯ ಕಣ್ಣು ಸಡಿಲವಾದರೆ ಒಂದು ಪಟ್ಟಿಯ ಬಾನುಲಿಯ ಅಬ್ಬರ ಪಕ್ಕದ ಪಟ್ಟಿಗೆ ಸೋರಿ, ಹುಡುಕುತ್ತಿದ್ದ ಸಣ್ಣ ದನಿ ಮುಳುಗಿಯೇ ಹೋದೀತು. ಪುಣೆಯ ನಮ್ಮ ಓದುಗರಿಗಂತೂ ಇಷ್ಟು ದೂರ ಹೋಗಬೇಕಾದುದೂ ಇಲ್ಲ. ಖೊಡದ್ ಗ್ರಾಮದ ಬಳಿ ತಲಾ 45 ಮೀಟರ್ ಅಗಲದ 30 ಬೋಗುಣಿಗಳ ದೂರದರ್ಶಕವಿದೆ. ನವೀಕರಿಸಿದ ಅದರ ಲೆಕ್ಕದ ಮನೆಯಲ್ಲಿಯೂ ಎಫ್‌ಪಿಜಿಎಗಳು ದುಡಿಯುತ್ತವೆ.

ಎದೆಯ ಬಡಿತವಾಗಲಿ, ಆಕಾಶದ ಅಲೆಯಾಗಲಿ, ಗುಣಕ ಅದನ್ನು ಬಲ್ಲುದಲ್ಲ. ಕೊಟ್ಟ ತೂಕದಿಂದ ಗುಣಿಸುವುದಷ್ಟೇ ಅದಕ್ಕೆ ಗೊತ್ತು. ಅದಕ್ಕೆ ದಣಿವಿಲ್ಲ, ಹಾಗೆಯೇ ವಿವೇಕವೂ ಇಲ್ಲ. ಯಾವುದು ಕಾಳು, ಯಾವುದು ಜೊಳ್ಳು ಎಂದು ನಿರ್ಧರಿಸಿ ತೂಕದ ಪಟ್ಟಿಯನ್ನು ಬರೆಯುವವರು ನಮ್ಮ ನಿಮ್ಮ ಮನೆಗಳ ಮಕ್ಕಳು. ಅವರ ಎದುರಿಗೆ ಚೊಕ್ಕಟವಾದ ಗೆರೆಯೊಂದು ಮೂಡಿದಾಗ, "ಇದರಿಂದ ಬಿಟ್ಟುಹೋದುದೇನು?" ಎಂದು ಅವರು ಒಮ್ಮೆ ತಮ್ಮನ್ನು ತಾವೇ ಕೇಳಿಕೊಳ್ಳಲಿ. ಈ ವಿದ್ಯೆಯನ್ನು ಹೊಸದಾಗಿ ಕಲಿಯಹೊರಟ ಕಿರಿಯರು ಚಿಪ್‌ಗೆ ಕೈಹಾಕುವ ಮೊದಲು ಕಾಗದ ಪೆನ್ಸಿಲ್ ಹಿಡಿದು, ತಾಯಿ ಬರೆದಿಟ್ಟ ತರಕಾರಿ ಲೆಕ್ಕವನ್ನೇ ಒಮ್ಮೆ ಸೋಸಿ ನೋಡಲಿ. ಅಲ್ಲಿ ಅರ್ಥವಾದುದು ಮುಂದೆ ಎಷ್ಟು ಕೋಟಿ ಅಳತೆಗಳು ಬಂದರೂ ಕೈಬಿಡುವುದಿಲ್ಲ.