ಅಳತೆ ಒಂದೇ, ಬಟ್ಟೆ ಬೇರೆ: ಮನೆಯಲ್ಲಿ ಹೊಲಿಯುವ ಹೆಣಿಗೆ ಬಟ್ಟೆಯ ಅಂಗಿ

ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಸಂಘದ ಮಕ್ಕಳ ಕೋಲಾಟಕ್ಕೆಂದು 12 ಟೀ ಶರ್ಟುಗಳನ್ನು ನಾವು ಮನೆಯಲ್ಲಿಯೇ ಹೊಲಿದೆವು. ಆರು ಹಳದಿ, ಆರು ಕೆಂಪು. ಕಾಗದದ ನಮೂನೆ ಒಂದೇ, ಹೊಲಿದ ಕೈಗಳೂ ಅವೇ. ಹಳದಿ ಅಂಗಿಗಳು ಹೇಳಿ ಮಾಡಿಸಿದಂತೆ ಮೈಗೆ ಕುಳಿತವು. ಕೆಂಪು ಅಂಗಿಗಳು ತಲೆಯನ್ನೇ ದಾಟಲಿಲ್ಲ. ಕತ್ತಿನ ಪಟ್ಟಿ ಬಿಚ್ಚಿ ತೊಡಿಸಿದರೆ ಕಂಕುಳಲ್ಲಿ ಬಿಗಿದು, ಕೋಲು ಎತ್ತಲು ಬಿಡಲಿಲ್ಲ. ಆರು ಮಕ್ಕಳು ಮನೆಯಿಂದ ತೊಟ್ಟು ಬಂದ ಬಟ್ಟೆಯಲ್ಲಿಯೇ ಕುಣಿಯಬೇಕಾಯಿತು. ಅವರಲ್ಲೊಬ್ಬಳು ಅಳುತ್ತಲೇ ಕುಣಿದಳು. ಬಟ್ಟೆ ತಂದದ್ದು ಸದಸ್ಯರ ವಂತಿಗೆಯಿಂದ. ಆದುದರಿಂದ ನಷ್ಟವನ್ನು ಮುಚ್ಚಿಡುವುದಕ್ಕಿಂತ ಅದರ ಕಾರಣವನ್ನು ತಿಳಿಸುವುದು ಮೇಲೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮಗ್ಗದಲ್ಲಿ ನೆಯ್ದ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ಬಗೆಯ ನೂಲುಗಳು ಒಂದನ್ನೊಂದು ಅಡ್ಡ ಹಾಯ್ದಿರುತ್ತವೆ. ನೂಲು ಹೆಚ್ಚುಕಡಿಮೆ ನೆಟ್ಟಗಿರುವುದರಿಂದ ಎಳೆದರೂ ಅದು ಹೆಚ್ಚು ಹಿಗ್ಗದು. ದರ್ಜಿಯು ಷರಟಿಗೆ ಎದೆಯ ಅಳತೆಗಿಂತ ನಾಲ್ಕೈದು ಅಂಗುಲ ಹೆಚ್ಚಿಗೆ ಬಿಡುವುದು ಇದಕ್ಕಾಗಿಯೇ. ಹೆಣೆದ ಬಟ್ಟೆಯಲ್ಲಾದರೋ ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸೇರಿಕೊಂಡಿರುವುದು. ಕಡ್ಡಿಯಲ್ಲಿ ಸ್ವೆಟರು ಹೆಣೆಯುವ ಸೋದರಿಯರಿಗೆ ಇದು ಗೊತ್ತಿರುವ ಸಂಗತಿ. ಎಳೆದಾಗ ಕುಣಿಕೆಯ ಆಕಾರ ಬದಲಾಗಿ ಬಟ್ಟೆ ಹಿಗ್ಗುತ್ತದೆ. ಈ ಕೆಲಸಕ್ಕೆ ಯಂತ್ರ ಬಂದುದು 1589ರಲ್ಲಿ, ಇಂಗ್ಲೆಂಡಿನ ವಿಲಿಯಂ ಲೀ ಎಂಬವರಿಂದ. ಇಂದು ನಮ್ಮ ದೇಶದಲ್ಲಿ ತಿರುಪ್ಪೂರು, ಲೂಧಿಯಾನಗಳು ಇಂಥ ಬಟ್ಟೆಗೆ ಹೆಸರಾಗಿವೆ.

ಹೆಣಿಗೆ ಬಟ್ಟೆಯಲ್ಲಿಯೂ ಜಾತಿಗಳುಂಟು. ಬನಿಯನ್, ಟೀ ಶರ್ಟುಗಳಿಗೆ ಸಾಮಾನ್ಯವಾಗಿ ಬಳಸುವುದು ಸಿಂಗಲ್ ಜೆರ್ಸಿ. ತೆಳುವು, ಕತ್ತರಿಸಿದ ಅಂಚು ಸುರುಳಿ ಸುತ್ತುವುದು, ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಹಿಗ್ಗುವುದು. ಎರಡನೆಯದು ರಿಬ್, ಮೇಲೆ ಸಣ್ಣ ಸಣ್ಣ ಏರು ಗೆರೆಗಳಿರುವ ಇದು ಅಗಲಕ್ಕೆ ಬಹಳ ಹಿಗ್ಗಿ ಮತ್ತೆ ಕೂಡಿಕೊಳ್ಳುವುದರಿಂದ ಕತ್ತಿಗೂ ತೋಳಿನ ತುದಿಗೂ ಯೋಗ್ಯ. ಮೂರನೆಯದು ಇಂಟರ್‌ಲಾಕ್, ಎರಡು ರಿಬ್ಬುಗಳನ್ನು ಒಂದರೊಳಗೊಂದು ಹೆಣೆದಂತೆ ಇರುವುದು. ಎರಡು ಮಗ್ಗುಲೂ ನಯ, ಅಂಚು ಸುರುಳಿಯಾಗದು, ಹೊಲಿಯಲು ಸುಲಭ. ಆದರೆ ದಪ್ಪ, ಹಿಗ್ಗುವುದು ಕಡಮೆ. ಇವುಗಳಲ್ಲದೆ, ನೂಲಿನೊಡನೆ ಸ್ವಲ್ಪ ಲೈಕ್ರಾ ಸೇರಿಸುವುದೂ ಉಂಟು. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ 1958ರಲ್ಲಿ ಕಂಡುಹಿಡಿದ ಈ ಎಳೆ ರಬ್ಬರಿನಂತೆ ಹಿಗ್ಗಿ ಹಿಂದಕ್ಕೆ ಬರುವುದು.

ನಮ್ಮ ಹಳದಿ ಬಟ್ಟೆ ಲೈಕ್ರಾ ಸೇರಿದ ಜೆರ್ಸಿ. ಕೆಂಪು ಬಟ್ಟೆ ಬರಿಯ ಹತ್ತಿಯ ಇಂಟರ್‌ಲಾಕ್. ಅಂಗಡಿಯಲ್ಲಿ ಬಣ್ಣವನ್ನು ನೋಡಿದೆವು, ಎಳೆದು ನೋಡಲಿಲ್ಲ.

ಎಳೆದು ನೋಡುವ ಕ್ರಮ ಬಹು ಸುಲಭ. ಬಟ್ಟೆಯನ್ನು ಅಡ್ಡಲಾಗಿ ಒಂದು ಮಡಿಕೆ ಮಡಿಸಿ, ಅಂಚು ಬಿಟ್ಟು ನಡುವೆ 4 ಅಂಗುಲ ಗುರುತು ಮಾಡಿ, ಅಳತೆ ಪಟ್ಟಿಯ ಮೇಲೆ ಹಿಡಿದು ಹಿತವಾಗಿ ಎಳೆಯಿರಿ. 5 ಅಂಗುಲಕ್ಕೆ ಬಂದರೆ ನೂರಕ್ಕೆ 25ರಷ್ಟು ಹಿಗ್ಗು. 6ಕ್ಕೆ ಬಂದರೆ 50. ಬಿಟ್ಟಮೇಲೆ ಮತ್ತೆ 4ಕ್ಕೇ ಬರುವುದೋ ಎಂದೂ ನೋಡಬೇಕು. ಹಿಂದಕ್ಕೆ ಬಾರದ ಬಟ್ಟೆಯ ಅಂಗಿ ಬೆಳಿಗ್ಗೆ ಸರಿಯಾಗಿದ್ದು, ಸಂಜೆಗೆ ಮೊಣಕೈಯಲ್ಲಿ ಚೀಲವಾಗಿ, ಕತ್ತಿನಲ್ಲಿ ಜೋತುಬೀಳುವುದು. ಭಾರವಾದ, ಜಾರುವ ವಿಸ್ಕೋಸ್ ಜೆರ್ಸಿ ತನ್ನ ತೂಕಕ್ಕೇ ಉದ್ದವಾಗುವುದುಂಟು.

ಹಬ್ಬ ಕಳೆದಮೇಲೆ ನಾವು ಈ ಪರೀಕ್ಷೆ ಮಾಡಿದೆವು. ಹಳದಿ 6 ಅಂಗುಲಕ್ಕೆ ಬಂದಿತು. ಕೆಂಪು 4¾ಕ್ಕೆ ನಿಂತಿತು. ಈಗ ಕತ್ತಿನ ಲೆಕ್ಕ ನೋಡಿ. ಪಟ್ಟಿಯನ್ನು ಎರಡಕ್ಕೂ 15 ಅಂಗುಲ ಕತ್ತರಿಸಿದ್ದೆವು. ಹಳದಿ ಪಟ್ಟಿ 22 ಅಂಗುಲವನ್ನೂ ಮೀರಿ ಹಿಗ್ಗಬಲ್ಲುದು. ಕೆಂಪು ಪಟ್ಟಿ 18ನ್ನೂ ಮುಟ್ಟದು. ಮಕ್ಕಳ ತಲೆಯ ಸುತ್ತಳತೆಯೋ 20 ಅಂಗುಲ! ತಲೆ ದಾಟದಿದ್ದುದರಲ್ಲಿ ಸೋಜಿಗವೇನಿದೆ? ಕೆಂಪಿಗೆ ರಿಬ್ಬಿನ ಪಟ್ಟಿ ಹಾಕಬೇಕಿತ್ತು, ಕತ್ತನ್ನೂ ತುಸು ಅಗಲಿಸಬೇಕಿತ್ತು. ಸಾಲದುದಕ್ಕೆ, ಬಟ್ಟೆ ಉಳಿಸಲೆಂದು ಕೆಂಪು ತೋಳುಗಳನ್ನು ಅಡ್ಡಲಾಗಿ ಇಟ್ಟು ಕತ್ತರಿಸಿದೆವು. ಹೆಚ್ಚು ಹಿಗ್ಗುವ ದಿಕ್ಕು ಮೈಯನ್ನೂ ತೋಳನ್ನೂ ಸುತ್ತಬೇಕು. ನಮ್ಮ ತೋಳುಗಳಲ್ಲಿ ಅದು ಭುಜದಿಂದ ಕೈಗೆ ಇಳಿದಿತ್ತು.

ಈಗ ನಾವು ಅನುಸರಿಸುವ ಲೆಕ್ಕ ಇದು: ನೂರಕ್ಕೆ 25ಕ್ಕಿಂತ ಕಡಮೆ ಹಿಗ್ಗುವ ಬಟ್ಟೆಗೆ ಎದೆಯ ಅಳತೆಗೆ ಎರಡು ಮೂರು ಅಂಗುಲ ಸೇರಿಸುವುದು, 25ರಿಂದ 50ರವರೆಗೆ ಮೈಯಳತೆಗೆ ಸಮವಾಗಿ ಅಥವಾ ಒಂದು ಅಂಗುಲ ಹೆಚ್ಚಾಗಿ ಕತ್ತರಿಸುವುದು, ಅದಕ್ಕೂ ಹೆಚ್ಚು ಹಿಗ್ಗಿ ಚೆನ್ನಾಗಿ ಹಿಂದಕ್ಕೆ ಬರುವ ರಿಬ್ಬಾದರೆ ಒಂದೆರಡು ಅಂಗುಲ ಕಡಮೆ ಇಟ್ಟರೂ ನಡೆದೀತು.

ಇನ್ನು ನೀರಿನ ಮಾತು. ಕಾರ್ಖಾನೆಯಲ್ಲಿ ಬಟ್ಟೆಯನ್ನು ಎಳೆದು ಒಣಗಿಸಿ ಸುತ್ತಿರುತ್ತಾರೆ. ಮೊದಲ ಒಗೆತದಲ್ಲಿ ಕುಣಿಕೆಗಳು ತಮ್ಮ ಸಹಜ ಸ್ಥಿತಿಗೆ ಮರಳಿ, ಹತ್ತಿಯ ಬಟ್ಟೆ ಮುಖ್ಯವಾಗಿ ಉದ್ದದಲ್ಲಿ ಕುಗ್ಗುವುದು. ನೂರಕ್ಕೆ 5ರಷ್ಟು ಕುಗ್ಗಿದರೂ 20 ಅಂಗುಲದ ಅಂಗಿ ಒಂದು ಅಂಗುಲ ಗಿಡ್ಡವಾಗುವುದು. ಜೆರ್ಸಿಯಲ್ಲಿ ನೂಲಿನ ಹುರಿಯ ದೆಸೆಯಿಂದ ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಗುವುದೂ ಉಂಟು. ಆದುದರಿಂದ ಕತ್ತರಿಸುವ ಮೊದಲೇ ಬಟ್ಟೆಯನ್ನು ಒಗೆದು, ಹಗ್ಗಕ್ಕೆ ತೂಗುಹಾಕದೆ ಹರವಿ ಒಣಗಿಸಬೇಕು. ಹೊಲಿಗೆಯೂ ಬಟ್ಟೆಯೊಡನೆ ಹಿಗ್ಗಬೇಕಷ್ಟೆ. ದುಂಡು ಮೊನೆಯ ಸೂಜಿ ಹಾಕಿ, ಸಣ್ಣ ಅಂಕುಡೊಂಕು ಹೊಲಿಗೆ ಹಾಕಿದರೆ ದಾರ ಕಡಿಯದು.

ಹಳದಿ, ಕೆಂಪು ಬಟ್ಟೆಗಳ ಉಳಿಕೆ ಚೂರುಗಳನ್ನೂ ಒಂದು ರಿಬ್ಬಿನ ತುಂಡನ್ನೂ ವಾಚನಾಲಯದ ಮೇಜಿನ ಮೇಲೆ ಅಳತೆ ಪಟ್ಟಿಯೊಡನೆ ಇಟ್ಟಿದ್ದೇವೆ. ಪತ್ರಿಕೆ ಓದಲು ಬಂದವರು ಒಮ್ಮೆ ಕೈಯಿಂದ ಎಳೆದು ನೋಡಿ. ಕೆಂಪು ಅಂಗಿಗಳನ್ನು ಬಿಚ್ಚಿ, ಪಕ್ಕಕ್ಕೆ ಹಳದಿ ಪಟ್ಟಿ ಸೇರಿಸಿ, ತೋಳು ಬದಲಿಸುತ್ತಿದ್ದೇವೆ. ಬರುವ ನವೆಂಬರ್ 1ಕ್ಕೆ ಆ ಹುಡುಗಿ ನಗುತ್ತ ಕೋಲು ಎತ್ತುವಂತಾದರೆ ನಮ್ಮ ಪಾಠ ಸಾರ್ಥಕ.