ಹೆಸರೇ ದಾರಿ ತೋರಬೇಕು

ಮಕ್ಕಳೇ, ಗೋವೆಯ ವಾಸ್ಕೋ ಪಟ್ಟಣದ ಸಮೀಪ ದಾಬೋಲಿಮ್ ಎಂಬ ಊರಿದೆ. ಅಲ್ಲಿ ವಿಮಾನ ನಿಲ್ದಾಣವಿದೆ. ವಿಮಾನವು ಓಡಿ ಮೇಲೇರುವ ಉದ್ದನೆಯ ಹಾದಿಗೆ ರನ್‌ವೇ ಎನ್ನುತ್ತಾರೆ. ದಾಬೋಲಿಮ್‌ನ ರನ್‌ವೇಯ ಒಂದು ತುದಿಯ ಹೆಸರು 08, ಇನ್ನೊಂದು ತುದಿಯ ಹೆಸರು 26. ಇವು ಮನಸ್ಸಿಗೆ ಬಂದಂತೆ ಇಟ್ಟ ಅಂಕೆಗಳಲ್ಲ. ದಿಕ್ಸೂಚಿಯಲ್ಲಿ ಉತ್ತರದಿಂದ ಬಲಕ್ಕೆ ಎಣಿಸಿದರೆ ಪೂರ್ವ 90 ಡಿಗ್ರಿ, ದಕ್ಷಿಣ 180 ಡಿಗ್ರಿ, ಪಶ್ಚಿಮ 270 ಡಿಗ್ರಿ. 08 ಎಂದರೆ ಸುಮಾರು 80 ಡಿಗ್ರಿ. ಕೊನೆಯ ಸೊನ್ನೆಯನ್ನು ಬಿಟ್ಟಿದ್ದಾರೆ. ಆ ತುದಿಯಿಂದ ಹೊರಟ ವಿಮಾನ ಹೆಚ್ಚುಕಡಿಮೆ ಪೂರ್ವಕ್ಕೆ ಓಡುತ್ತದೆ. 26 ಎಂಬ ತುದಿಯಿಂದ ಹೊರಟರೆ ಪಶ್ಚಿಮಕ್ಕೆ ಓಡುತ್ತದೆ. ಬೇರೆ ದೇಶಗಳಲ್ಲಿಯೂ ಇದೇ ಕ್ರಮವಿದೆ. ಆದ್ದರಿಂದ ದಾಬೋಲಿಮ್ಮನ್ನು ಎಂದೂ ನೋಡದ ಚಾಲಕನಿಗೂ ಹೆಸರು ಕೇಳಿದೊಡನೆ ದಿಕ್ಕು ತಿಳಿಯುತ್ತದೆ.

ಮೊದಲು "ಗೋವಾ ವಿಮಾನ ನಿಲ್ದಾಣ" ಎಂದರೆ ಸಾಕಿತ್ತು. ಏಕೆಂದರೆ ಪ್ರಯಾಣಿಕರಿಗೆ ಅಲ್ಲಿ ಇದ್ದುದು ದಾಬೋಲಿಮ್ ಒಂದೇ. 2023ರ ಜನವರಿಯಲ್ಲಿ ಉತ್ತರ ಗೋವೆಯ ಮೋಪಾದಿಂದಲೂ ವಿಮಾನಗಳು ಹಾರತೊಡಗಿದವು. ಈಗ ಬರೀ "ಗೋವಾ" ಎಂದರೆ ಯಾವುದು? ತಪ್ಪು ನಿಲ್ದಾಣಕ್ಕೆ ಹೋದವನ ವಿಮಾನ ಅವನನ್ನು ಬಿಟ್ಟೇ ಹಾರಿಹೋದೀತು! ಅದಕ್ಕಾಗಿ ಟಿಕೆಟಿನಲ್ಲಿ ದಾಬೋಲಿಮ್‌ಗೆ ಜಿಓಐ, ಮೋಪಾಕ್ಕೆ ಜಿಓಎಕ್ಸ್ ಎಂಬ ಬೇರೆ ಬೇರೆ ಗುರುತುಗಳಿವೆ. ನೋಡಿದಿರಾ, ಒಂದೇ ಬಗೆಯ ಎರಡು ವಸ್ತುಗಳಿದ್ದಾಗ ಹೆಸರು ಅವುಗಳ ವ್ಯತ್ಯಾಸವನ್ನು ಹೇಳಬೇಕು.

ಕಂಪ್ಯೂಟರಿಗೂ ಈ ಮಾತು ಸಲ್ಲುತ್ತದೆ. ನೀವು ಕಂಪ್ಯೂಟರಿನಲ್ಲಿ ಶಾಲೆಯ ಕೈಬರಹ ಪತ್ರಿಕೆಯನ್ನು ಅಚ್ಚಿಗೆ ಸಿದ್ಧಪಡಿಸಿದ್ದೀರಿ ಎನ್ನಿ. ಅದನ್ನು ಬೇರೆಯವರೂ ತೆರೆದು ಓದುವಂತೆ ಪಿಡಿಎಫ್ ಮುಂತಾದ ರೂಪಕ್ಕೆ ಬದಲಿಸಿ ಕಳುಹಿಸಬಹುದು. ಮರ್ಮಗೋವಾ ಬಂದರಿನಿಂದ ಸರಕು ಹೊರಗೆ ಹೋಗುವುದನ್ನು ರಫ್ತು ಎನ್ನುವಂತೆ, ಇದನ್ನೂ ರಫ್ತು ಎನ್ನುತ್ತಾರೆ. ರಫ್ತು ಮಾಡುವ ಮುನ್ನ ಕಂಪ್ಯೂಟರ್ ಕೆಲವು ಆಯ್ಕೆಗಳನ್ನು ತೋರಿಸುತ್ತದೆ. ಆ ಆಯ್ಕೆಗಳಿಗೆ ಹೆಸರಿಡುವವರು ಮೂರು ಮಾತುಗಳನ್ನು ನೆನಪಿಡಬೇಕು.

ಮೊದಲನೆಯದು, ಹೆಸರು ಕೆಲಸವನ್ನು ನೇರವಾಗಿ ಹೇಳಬೇಕು. "ಚಿತ್ರ ಬೇಡ" ಎಂಬ ಆಯ್ಕೆಯ ಮುಂದೆ "ಹೌದು", "ಇಲ್ಲ" ಎಂದಿದ್ದರೆ "ಇಲ್ಲ" ಒತ್ತಿದಾಗ ಚಿತ್ರ ಬರುತ್ತದೆಯೋ ಹೋಗುತ್ತದೆಯೋ? ಓದುವವರು ತಬ್ಬಿಬ್ಬಾಗುತ್ತಾರೆ. "ಚಿತ್ರಗಳನ್ನು ಸೇರಿಸು" ಎಂದರೆ ಗೊಂದಲವಿಲ್ಲ.

ಎರಡನೆಯದು, ಒಂದು ವಸ್ತುವಿಗೆ ಎಲ್ಲ ಕಡೆಯೂ ಒಂದೇ ಹೆಸರಿರಬೇಕು. ಒಂದು ಕಡೆ "ಪುಟ", ಇನ್ನೊಂದು ಕಡೆ "ಹಾಳೆ" ಎಂದರೆ ಏನಾಗುತ್ತದೆ? ಒಂದು ಹಾಳೆಗೆ ಎರಡು ಪುಟಗಳು. ಹತ್ತು ಪುಟಗಳ ಪತ್ರಿಕೆಗೆ ಐದೇ ಹಾಳೆ ಸಾಕು. ಪುಟಕ್ಕೇ ಹಾಳೆ ಎಂದು ಹೆಸರಿಟ್ಟಿದ್ದರೆ, ನೀವು "1ರಿಂದ 5" ಎಂದು ಬರೆದಾಗ ನಿಮ್ಮ ಅರ್ಧ ಪತ್ರಿಕೆ ಉಳಿದುಬಿಡುತ್ತದೆ!

ಮೂರನೆಯದು, ಅಳತೆಯೊಂದಿಗೆ ಮಾನವನ್ನೂ ಹೇಳಬೇಕು. "ಅಂಚು: 2" ಎಂದರೆ ಎರಡು ಸೆಂಟಿಮೀಟರೋ, ಎರಡು ಅಂಗುಲವೋ? ಎರಡು ಅಂಗುಲವೆಂದರೆ ಐದು ಸೆಂಟಿಮೀಟರಿಗಿಂತ ಹೆಚ್ಚು. "ಅಂಚಿನ ಅಗಲ, ಸೆಂಟಿಮೀಟರಿನಲ್ಲಿ" ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಹೆಸರಿಟ್ಟವರು ಓದುವವರ ಪಕ್ಕದಲ್ಲಿ ನಿಂತು ವಿವರಿಸಲಾರರು. ಅವರ ಬದಲು ಹೆಸರೇ ಮಾತನಾಡಬೇಕು.

ಮಾಡಿ ನೋಡಿ: ನಿಮ್ಮ ತರಗತಿಯ ಕಪಾಟಿನ ಪ್ರತಿಯೊಂದು ಖಾನೆಗೂ ಒಂದು ಹೆಸರು ಬರೆದು ಅಂಟಿಸಿ. ಬೇರೆ ತರಗತಿಯ ಒಬ್ಬ ಗೆಳೆಯನನ್ನು ಕರೆದು ಸೀಮೆಸುಣ್ಣ ತರಲು ಹೇಳಿ. ಅವನು ಯಾರನ್ನೂ ಕೇಳದೆ ತಂದರೆ ನಿಮ್ಮ ಹೆಸರುಗಳು ಚೆನ್ನಾಗಿವೆ ಎಂದು ತಿಳಿಯಿರಿ.